ಗಲ್ಲಾಪೆಟ್ಟಿಗೆಯ ಹಿಂದಿನ ಪತ್ತೇದಾರ

ಇಂಗ್ಲೆಂಡ್ ಮತ್ತು ವೇಲ್ಸ್ ಕೂಡುವ ಗಡಿಯಲ್ಲಿ ಹೇ-ಆನ್-ವೈ ಎಂಬ ಸಣ್ಣ ಪೇಟೆಯಿದೆ. 1921ರಲ್ಲಿ ಅಲ್ಲಿದ್ದದ್ದು ಎರಡೇ ವಕೀಲರ ಕಚೇರಿ. ಎರಡೂ ಒಂದೇ ಬೀದಿಯಲ್ಲಿ, ಎದುರುಬದುರು. ಆ ವರ್ಷದ ಅಕ್ಟೋಬರ್ 26ರ ಸಂಜೆ ಹಿರಿಯ ವಕೀಲ ಮೇಜರ್ ಹರ್ಬರ್ಟ್ ಆರ್ಮ್‌ಸ್ಟ್ರಾಂಗ್ ಎದುರು ಕಚೇರಿಯ ಆಸ್ವಾಲ್ಡ್ ಮಾರ್ಟಿನ್‌ನನ್ನು ಮನೆಗೆ ಚಹಾಕ್ಕೆ ಕರೆದ. ಒಂದು ಜಮೀನು ಮಾರಾಟದ ಮುಂಗಡ ಹಣದ ತಕರಾರು ಇಬ್ಬರ ನಡುವೆ ಕಾವೇರಿದ್ದ ದಿನಗಳವು. ಆದರೂ ಉಪಚಾರಕ್ಕೇನೂ ಕೊರತೆಯಾಗಲಿಲ್ಲ. ಬೆಣ್ಣೆ ಸವರಿದ ಸ್ಕೋನ್ ಒಂದನ್ನು ಮೇಜರ್ ತಾನೇ ಎತ್ತಿ ಅತಿಥಿಯ ತಟ್ಟೆಗೆ ಹಾಕಿದ. ಕೈಯಲ್ಲಿ ಬಡಿಸಿದ್ದಕ್ಕೆ ಕ್ಷಮೆಯನ್ನೂ ಕೇಳಿದ. ಮನೆಗೆ ಮರಳಿದ ಮಾರ್ಟಿನ್‌ಗೆ ರಾತ್ರಿಯೆಲ್ಲ ವಾಂತಿ. ಊರ ಡಾಕ್ಟರು ಬಂದು ನೋಡಿ, ಪಿತ್ತ ಕೆದರಿದೆ ಎಂದರು.

ಇದು ಪಿತ್ತ ಇರಲಾರದು ಎಂದು ಮೊದಲು ತಲೆ ಕೆಡಿಸಿಕೊಂಡವನು ಔಷಧದಂಗಡಿಯ ಜಾನ್ ಡೇವಿಸ್. ಅವನು ಮಾರ್ಟಿನ್‌ನ ಮಾವನೂ ಹೌದು. ತೋಟದ ಕಳೆ ಸುಡಲೆಂದು ಮೇಜರ್ ತನ್ನ ಅಂಗಡಿಯಿಂದ ಮತ್ತೆ ಮತ್ತೆ ಪಾಷಾಣ (ಆರ್ಸೆನಿಕ್) ಒಯ್ದದ್ದು ಅವನಿಗೆ ನೆನಪಿತ್ತು. ಅಳಿಯನ ವಾಂತಿ, ಮೇಜರನ ಚಹಾ, ತನ್ನ ಕಪಾಟಿನ ಪಾಷಾಣ. ಮೂರನ್ನೂ ಒಟ್ಟಿಗೆ ಬಲ್ಲವನು ಆ ಊರಲ್ಲಿ ಅವನೊಬ್ಬನೇ. ಕೆಲವು ವಾರಗಳ ಹಿಂದೆ ಮಾರ್ಟಿನ್ ಮನೆಗೆ ಅಂಚೆಯಲ್ಲಿ ಒಂದು ಚಾಕೊಲೇಟ್ ಪೆಟ್ಟಿಗೆ ಬಂದಿತ್ತು, ಕಳಿಸಿದವರ ಹೆಸರಿಲ್ಲದೆ. ಅದನ್ನು ತಿಂದ ನೆಂಟರ ಹೆಂಗಸೊಬ್ಬಳು ಹಾಸಿಗೆ ಹಿಡಿದಿದ್ದಳು. ಆ ಪೆಟ್ಟಿಗೆಯಲ್ಲಿ ಉಳಿದ ಚಾಕೊಲೇಟ್ ಮತ್ತು ಮಾರ್ಟಿನ್‌ನ ಮೂತ್ರ ಎರಡನ್ನೂ ಪರೀಕ್ಷೆಗೆ ಕಳಿಸಿದರು. ಎರಡರಲ್ಲೂ ಪಾಷಾಣ ಸಿಕ್ಕಿತು.

ಆಮೇಲಿನ ಕೆಲವು ವಾರಗಳು ಯಾವ ಕಾದಂಬರಿಕಾರನಿಗೂ ಹೊಟ್ಟೆಕಿಚ್ಚು ಹುಟ್ಟಿಸುವಂಥವು. ಸ್ಕಾಟ್ಲೆಂಡ್ ಯಾರ್ಡ್‌ನವರು ಗುಟ್ಟಾಗಿ ತನಿಖೆ ಶುರುಮಾಡಿ, ಮೇಜರನಿಗೆ ಸುಳಿವು ಸಿಗದ ಹಾಗೆ ನಡೆದುಕೊಳ್ಳಿ ಎಂದು ಮಾರ್ಟಿನ್‌ಗೆ ತಾಕೀತು ಮಾಡಿದರು. ಇತ್ತ ಮೇಜರ್ ಬಿಡುತ್ತಿಲ್ಲ. ಎದುರು ಕಚೇರಿಯಿಂದ ಚಹಾಕ್ಕೆ ಕರೆಯ ಮೇಲೆ ಕರೆ. ಹೋದರೆ ಜೀವ ಹೋಗಬಹುದು, ಮುಖ ಮುರಿದರೆ ತನಿಖೆ ಕೆಡುತ್ತದೆ. ದಿನಕ್ಕೊಂದು ನೆಪ ಹುಡುಕುವುದೇ ಪಾಪ ಆ ದಂಪತಿಗೆ ಒಂದು ಕಸುಬಾಯಿತು. ಡಿಸೆಂಬರ್ 31ರಂದು ಮೇಜರನ ಬಂಧನವಾಯಿತು. ಅವನ ಜೇಬಿನಲ್ಲೇ ಪಾಷಾಣದ ಒಂದು ಸಣ್ಣ ಪೊಟ್ಟಣ ಇತ್ತು. ತಾನೇ ಗುಮಾಸ್ತನಾಗಿದ್ದ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಅವನನ್ನು ಆರೋಪಿಯಾಗಿ ನಿಲ್ಲಿಸಿದರು. ಅದೇ ವರ್ಷದ ಫೆಬ್ರವರಿಯಲ್ಲಿ ತೀರಿಕೊಂಡಿದ್ದ ಹೆಂಡತಿಯ ಹೆಣವನ್ನು ಗೋರಿಯಿಂದ ಎತ್ತಿಸಿ ನೋಡಿದಾಗ ಅಲ್ಲೂ ಪಾಷಾಣ. ಕಳೆ ಕೊಲ್ಲಲು ಇಪ್ಪತ್ತು ಪೊಟ್ಟಣ ಕಟ್ಟಿದ್ದೆ, ಹತ್ತೊಂಬತ್ತನ್ನು ಡ್ಯಾಂಡೆಲಿಯನ್ ಗಿಡಗಳ ಬುಡಕ್ಕೆ ಹಾಕಿದೆ, ಉಳಿದದ್ದು ಇದೊಂದು ಎಂದು ಅವನು ವಾದಿಸಿದ. ಒಂದೇ ಪೊಟ್ಟಣದಿಂದ ಸುರಿಯುವುದು ಬಿಟ್ಟು ಇಪ್ಪತ್ತು ಯಾಕೆ ಕಟ್ಟಿದಿರಿ ಎಂದು ನ್ಯಾಯಾಧೀಶ ಡಾರ್ಲಿಂಗ್ ಕೇಳಿದಾಗ ಒಪ್ಪುವಂಥ ಉತ್ತರ ಬರಲಿಲ್ಲ. 1922ರ ಮೇ 31ರಂದು ಗ್ಲಾಸ್ಟರ್ ಜೈಲಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ಕೊಲೆಗಾಗಿ ಗಲ್ಲಿಗೇರಿದ ಸಾಲಿಸಿಟರ್ ಬ್ರಿಟನ್ನಿನ ಚರಿತ್ರೆಯಲ್ಲಿ ಅವನೊಬ್ಬನೇ.

ಸಣ್ಣ ಊರು, ಚಹಾ, ಬೆಣ್ಣೆಯ ತಿಂಡಿ, ವಿಷ, ಮರ್ಯಾದಸ್ಥ ಅಪರಾಧಿ, ಪೊಲೀಸರಿಗಿಂತ ಮೊದಲು ವಾಸನೆ ಹಿಡಿಯುವ ಅಂಗಡಿಕಾರ. ಇವತ್ತು ‘ಕೋಜಿ ಮಿಸ್ಟರಿ’ ಎಂಬ ಹೆಸರಲ್ಲಿ ವರ್ಷವರ್ಷ ರಾಶಿರಾಶಿಯಾಗಿ ಬರುವ ಇಂಗ್ಲಿಷ್ ಕಾದಂಬರಿಗಳ ಸಾಮಾನುಪಟ್ಟಿಯೂ ಇದೇ. ರಕ್ತ ಹೆಚ್ಚು ಕಾಣಿಸಬಾರದು, ಕೊಲೆ ಆದಷ್ಟೂ ಪುಟದ ಹೊರಗೆ ನಡೆಯಬೇಕು, ಪತ್ತೆ ಮಾಡುವವರು ಪೊಲೀಸ್ ಆಗಿರಬಾರದು, ಕೊನೆಗೆ ಊರು ಮೊದಲಿನ ಹಾಗಾಗಬೇಕು. ಇಷ್ಟು ಒಪ್ಪಂದಕ್ಕೆ ಓದುಗರು ಮೊದಲೇ ಸಹಿ ಹಾಕಿರುತ್ತಾರೆ. ನಾಯಕಿ ಬಹುಪಾಲು ಬೇಕರಿಯದೋ ಚಹಾದಂಗಡಿಯದೋ ಪುಸ್ತಕದಂಗಡಿಯದೋ ಒಡತಿ. ಅಂಗಡಿಯೇ ಯಾಕೆ ಎಂದು ಕೇಳಿದರೆ, ಜನ ಬಂದುಹೋಗುವ ಜಾಗ, ಸುದ್ದಿ ಸಿಗುತ್ತದೆ ಎಂದು ಹೇಳಿ ಮುಗಿಸುವವರೇ ಹೆಚ್ಚು. ಸುದ್ದಿ ಕ್ಷೌರದಂಗಡಿಯಲ್ಲೂ ಬಸ್‌ಸ್ಟ್ಯಾಂಡಿನಲ್ಲೂ ಸಿಗುತ್ತದೆ. ಅಂಗಡಿಯಲ್ಲಿ ಅದರ ಜೊತೆಗೆ ಲೆಕ್ಕವೂ ಇರುತ್ತದೆ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಯಾರು, ಯಾವತ್ತು, ಏನು, ಎಷ್ಟು: ಬಾಯಿಮಾತಿನಲ್ಲಿ ಬದಲಾಗುವ ಈ ನಾಲ್ಕೂ ಅಲ್ಲಿ ಬರಹದಲ್ಲಿ ಕೂತಿರುತ್ತವೆ.

ಬ್ರಿಟನ್ನಿನ ಕಾನೂನಿಗೆ ಈ ಸಂಗತಿ ಕಾದಂಬರಿಕಾರರಿಗಿಂತ ಮುಂಚೆಯೇ ಹೊಳೆದಿತ್ತು. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಅಲ್ಲಿ ಪಾಷಾಣ ದಿನಸಿ ಅಂಗಡಿಯಲ್ಲಿ ಸಿಗುತ್ತಿತ್ತು. ಇಲಿ ಕಾಟ ಎಂದರೆ ಸಾಕು, ಕಟ್ಟಿಕೊಡುತ್ತಿದ್ದರು. ಬಣ್ಣ ಬಿಳಿ, ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಸಕ್ಕರೆ, ಹಿಟ್ಟಿನ ಜೊತೆ ಬೆರೆತರೆ ಗೊತ್ತಾಗದು. ಗಂಡನಿಗೆ ಹಾಕಿದರು, ಅತ್ತೆಗೆ ಹಾಕಿದರು ಎಂಬ ಮೊಕದ್ದಮೆಗಳು ಹೆಚ್ಚಿದಾಗ 1851ರಲ್ಲಿ ಪಾಷಾಣದ ಕಾಯ್ದೆ ಬಂತು. ಮಾರುವವನು ಒಂದು ಪುಸ್ತಕ ಇಡಬೇಕು. ಕೊಳ್ಳುವವನ ಹೆಸರು, ವಿಳಾಸ, ಕಸುಬು, ಪ್ರಮಾಣ, ಯಾತಕ್ಕೆ ಎಂಬ ಕಾರಣ ಎಲ್ಲವನ್ನೂ ಬರೆದು ಸಹಿ ಹಾಕಿಸಿಕೊಳ್ಳಬೇಕು. ಚಿಲ್ಲರೆ ಮಾರಾಟದ ಪಾಷಾಣಕ್ಕೆ ಮಸಿಯನ್ನೋ ನೀಲಿಯನ್ನೋ ಬೆರೆಸಬೇಕು. ಇವೆಲ್ಲಕ್ಕಿಂತ ಸೊಗಸಾದ ನಿಯಮ ಮತ್ತೊಂದಿದೆ: ಪರಿಚಯವಿಲ್ಲದವನಿಗೆ ಮಾರುವಂತಿಲ್ಲ, ಮಾರಲೇಬೇಕಾದರೆ ಇಬ್ಬರಿಗೂ ಗೊತ್ತಿರುವ ಮೂರನೆಯವನೊಬ್ಬ ಸಾಕ್ಷಿ ನಿಲ್ಲಬೇಕು. ಅಂಗಡಿಯವನಿಗಿರುವ ಊರಿನ ಪರಿಚಯವನ್ನೇ ಸರ್ಕಾರ ಕಾವಲಿಗೆ ಹಾಕಿಕೊಂಡಿತು. ಆದರೂ ಅನಾಹುತ ನಿಲ್ಲಲಿಲ್ಲ. 1858ರಲ್ಲಿ ಬ್ರಾಡ್‌ಫರ್ಡ್ ಪೇಟೆಯಲ್ಲಿ ಮಿಠಾಯಿಗೆ ಅಗ್ಗದ ಕಲಬೆರಕೆಯ ಪುಡಿ ಎಂದುಕೊಂಡು ಔಷಧದಂಗಡಿಯ ಆಳು ಪಾಷಾಣವನ್ನೇ ತೂಗಿಕೊಟ್ಟ. ಇಪ್ಪತ್ತರಷ್ಟು ಜನ ಸತ್ತರು. ಹತ್ತು ವರ್ಷದ ನಂತರ ಬಂದ ಕಾಯ್ದೆ ವಿಷ ಮಾರುವ ಹಕ್ಕನ್ನು ತರಬೇತಾದ ಔಷಧ ವ್ಯಾಪಾರಿಗಳ ಕೈಗೆ ಕೊಟ್ಟಿತು.

ಇದನ್ನು ಹಳೆಯ ಕಾಲದ ಮಾತೆಂದು ತಳ್ಳಿಹಾಕಬೇಕಿಲ್ಲ. 2013ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಆ್ಯಸಿಡ್ ದಾಳಿಗಳ ಪ್ರಕರಣದಲ್ಲಿ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ: ಅಂಗಡಿಯವರು ಕೊಳ್ಳುವವರ ವಿಳಾಸವಿರುವ ಪುಸ್ತಕ ಇಡಬೇಕು, ಗುರುತಿನ ಚೀಟಿ ನೋಡಬೇಕು, ಯಾತಕ್ಕೆ ಎಂದು ಕೇಳಬೇಕು, 18 ತುಂಬದವರಿಗೆ ಮಾರಬಾರದು.

ಅಗಾಥಾ ಕ್ರಿಸ್ಟಿಗೆ ಈ ಪುಸ್ತಕದ ಬೆಲೆ ಚೆನ್ನಾಗಿ ಗೊತ್ತಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ತಮ್ಮೂರು ಟಾರ್ಕೀಯ ಆಸ್ಪತ್ರೆಯ ಔಷಧ ವಿಭಾಗದಲ್ಲಿ ದುಡಿದು, ಅದರ ಪರೀಕ್ಷೆಯನ್ನೂ ಪಾಸು ಮಾಡಿದ್ದವರು ಅವರು. 1920ರಲ್ಲಿ ಬಂದ ಅವರ ಮೊದಲ ಕಾದಂಬರಿ ‘ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’ನಲ್ಲಿ ಹಳ್ಳಿಯ ಔಷಧದಂಗಡಿಯೊಂದಿದೆ. ಅಲ್ಲಿ ಒಬ್ಬ ಬಂದು ಸ್ಟ್ರಿಕ್ನಿನ್ ಕೊಂಡು, ವಿಷದ ಪುಸ್ತಕದಲ್ಲಿ ಸಹಿ ಹಾಕಿ ಹೋಗುತ್ತಾನೆ. ಗಡ್ಡ, ಕನ್ನಡಕ, ಉಡುಪು ಎಲ್ಲ ಊರಿನ ಒಬ್ಬ ಪರಿಚಿತನದೇ. ಆದರೆ ಮಾರಿದ ಹುಡುಗ ಆ ಅಂಗಡಿಗೆ ಹೊಸಬ. ಮೊದಲಿದ್ದವನನ್ನು ಸೈನ್ಯಕ್ಕೆ ಕರೆದಿದ್ದರಿಂದ ಬದಲಿಗೆ ಬಂದವನು. ಕಥೆಯ ಬೀಗ ಇರುವುದು ಇಲ್ಲೇ. (ಕೀಲಿಕೈ ಯಾರ ಬಳಿ ಎಂದು ಹೇಳಿದರೆ ಓದದವರ ಶಾಪ ತಟ್ಟೀತು.) ಹಳೆಯ ಆಳೇ ಇದ್ದಿದ್ದರೆ ಆ ಸಂಚು ಅಂಗಡಿಯ ಮೆಟ್ಟಿಲಲ್ಲೇ ಮುರಿದುಬೀಳುತ್ತಿತ್ತು. ಪುಸ್ತಕವೊಂದೇ ಸಾಲದು, ಬರೆದುಕೊಳ್ಳುವವನಿಗೆ ಊರಿನ ಮುಖಗಳೂ ಗೊತ್ತಿರಬೇಕು ಎಂಬುದನ್ನು ಕ್ರಿಸ್ಟಿ ಉಪದೇಶ ಮಾಡದೆ, ಕಥೆಯ ತಿರುವಿನಲ್ಲೇ ಹುದುಗಿಸಿದರು. ಆ ಕಾದಂಬರಿಯ ಔಷಧಜ್ಞಾನವನ್ನು ‘ಫಾರ್ಮಸ್ಯೂಟಿಕಲ್ ಜರ್ನಲ್’ ಮೆಚ್ಚಿ ಬರೆಯಿತು.

1927ರ ಡಿಸೆಂಬರಿನಲ್ಲಿ ಕ್ರಿಸ್ಟಿಯವರ ಒಂದು ಸಣ್ಣಕಥೆಯ ಮೂಲಕ ಬಂದ ಮಿಸ್ ಮಾರ್ಪಲ್ ಅಂಗಡಿ ಇಟ್ಟವರಲ್ಲ. ಆದರೂ ಅವರ ತಲೆ ಕೆಲಸ ಮಾಡುವುದು ಗಲ್ಲಾದ ಹಿಂದೆ ಕೂತವರ ಹಾಗೆಯೇ. ಅದೇ ಮೊದಲ ಕಥೆಯಲ್ಲಿ, ಉಳಿದವರು ದೊಡ್ಡ ದೊಡ್ಡ ರಹಸ್ಯಗಳ ಮಾತೆತ್ತಿದರೆ ಮಾರ್ಪಲ್ ಹೇಳುವುದು ಸಿಗಡಿಯ ಸುದ್ದಿ: ಊರಿನ ಹೆಂಗಸೊಬ್ಬಳು ಒಂದು ಅಂಗಡಿಯಲ್ಲಿ ಸಿಗಡಿ ಕೊಂಡು, ಇನ್ನೆರಡು ಅಂಗಡಿ ಹೊಕ್ಕು ಮನೆಗೆ ಬಂದು ನೋಡಿದರೆ ಸಿಗಡಿಯೇ ಇಲ್ಲ. ಕೇಳಿದವರು ನಕ್ಕರು. ಕೊನೆಗೆ ಕೊಲೆಯ ಗಂಟು ಬಿಡಿಸಿದ್ದು ಈ ಸಿಗಡಿಯ ಮುದುಕಿಯೇ.

ಅಮೆರಿಕಕ್ಕೆ ಹೋದ ಮೇಲೆ ಈ ಕಥಾಪ್ರಕಾರ ನಿಜವಾಗಿಯೂ ಅಂಗಡಿ ತೆರೆಯಿತು. 1984ರಿಂದ 1996ರವರೆಗೆ ನಡೆದ ‘ಮರ್ಡರ್, ಶಿ ರೋಟ್’ ಟಿವಿ ಸರಣಿ ಕ್ಯಾಬಟ್ ಕೋವ್ ಎಂಬ ಕಡಲೂರನ್ನು ಸೃಷ್ಟಿಸಿ ನೆಲ ಹದ ಮಾಡಿತ್ತು. ಅಷ್ಟು ಸಣ್ಣ ಊರಲ್ಲಿ ಅಷ್ಟೊಂದು ಹೆಣ ಬೀಳುವುದು ಹೇಗೆ ಎಂಬ ತಮಾಷೆಯೂ ಅದರ ಜೊತೆಗೇ ಹುಟ್ಟಿತು. 1987ರಲ್ಲಿ ಕ್ಯಾರೊಲಿನ್ ಹಾರ್ಟ್ ತಮ್ಮ ನಾಯಕಿಗೆ ದ್ವೀಪವೊಂದರಲ್ಲಿ ಪತ್ತೇದಾರಿ ಪುಸ್ತಕಗಳದೇ ಅಂಗಡಿ ಹಾಕಿಕೊಟ್ಟರು. ಆಮೇಲೆ ಜೋನ್ ಫ್ಲೂಕ್ ಅವರ ಹ್ಯಾನಾ ಸ್ವೆನ್ಸನ್ ಮಿನೆಸೋಟದ ಲೇಕ್ ಈಡನ್‌ನಲ್ಲಿ ಬಿಸ್ಕತ್ತಿನ ಬೇಕರಿ ತೆರೆದಳು. ಲಾರಾ ಚೈಲ್ಡ್ಸ್ ಅವರ ಥಿಯೊಡೋಸಿಯಾ ಚಾರ್ಲ್ಸ್‌ಟನ್‌ನಲ್ಲಿ ಚಹಾದಂಗಡಿ ನಡೆಸಿದಳು. ಮೇರಿಲ್ಯಾಂಡಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ‘ಮ್ಯಾಲಿಸ್ ಡೊಮೆಸ್ಟಿಕ್’ ಸಮ್ಮೇಳನ ಈ ಬಗೆಯ ಬರಹಕ್ಕೆ ಕೊಡುವ ಅಗಾಥಾ ಪ್ರಶಸ್ತಿಯೂ ಒಂದು ಚಹಾದ ಕುಡಿಕೆ.

ನನ್ನ ಗೊಣಗಾಟ ಶುರುವಾಗುವುದೂ ಇಲ್ಲಿಂದಲೇ. ಇಂಥ ಎಷ್ಟೋ ಕಾದಂಬರಿಗಳಲ್ಲಿ ಬೇಕರಿ ಇರುತ್ತದೆ, ವ್ಯಾಪಾರ ಇರುವುದಿಲ್ಲ. ನಾಯಕಿ ಬೆಳಿಗ್ಗೆ ಬಿಸ್ಕತ್ತು ಬೇಯಿಸಿ, ಮಧ್ಯಾಹ್ನ ಸಹಾಯಕಿಗೆ ಅಂಗಡಿ ಒಪ್ಪಿಸಿ, ಶಂಕಿತರ ಮನೆಗಳಿಗೆ ಡಬ್ಬಿ ಹಿಡಿದು ಹೊರಡುತ್ತಾಳೆ. ಬಾಡಿಗೆ ಕಟ್ಟುವ ಚಿಂತೆಯಿಲ್ಲ, ವಸೂಲಾಗದ ಸಾಲವಿಲ್ಲ. ಅಧ್ಯಾಯಗಳ ನಡುವೆ ತಿಂಡಿ ಮಾಡುವ ವಿಧಾನ ಅಚ್ಚಾಗಿರುತ್ತದೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ಎಷ್ಟೋ ಸಲ ಕಥೆಗಿಂತ ಅದೇ ಹೆಚ್ಚು ನಂಬುವ ಹಾಗಿರುತ್ತದೆ. ಆದರೆ ಅಂಗಡಿಯಲ್ಲಿ ಕೂತದ್ದರಿಂದಲೇ ಗೊತ್ತಾದ ಒಂದು ಸಂಗತಿಯೂ ಪತ್ತೆಗೆ ಒದಗುವುದಿಲ್ಲ ಎಂದರೆ ಅದೆಂಥ ಅಂಗಡಿ? ಸಿಂಗಪುರದ ಒವಿಡಿಯಾ ಯು 2013ರಲ್ಲಿ ಸೃಷ್ಟಿಸಿದ ‘ಆಂಟಿ ಲೀ’ ಈ ವಿಷಯದಲ್ಲಿ ವಾಸಿ. ಪೆರನಕನ್ ಅಡುಗೆಯ ಹೋಟೆಲಿನ ಒಡತಿಯಾದ ಆಕೆ ಜನರನ್ನು ಅಳೆಯುವುದು ಅವರು ತಟ್ಟೆಯಲ್ಲಿ ಏನು ಬಿಟ್ಟರು, ಏನು ತಿಂದರು ಎಂಬುದರಿಂದ.

ಇನ್ನೂ ಒಂದು ಮಾತನ್ನು ಈ ಕಾದಂಬರಿಗಳು ಜಾಣತನದಿಂದ ಮರೆಸುತ್ತವೆ. ಅಂಗಡಿಯವರೇನೂ ತಟಸ್ಥರಲ್ಲ. ಅವರಿಗೂ ನೆಂಟಸ್ತಿಕೆ, ಬಾಕಿ, ಹಗೆ, ಎದುರಾಳಿ ಎಲ್ಲ ಇರುತ್ತವೆ. ಹೇ ಪೇಟೆಯ ಡೇವಿಸ್ ಅನುಮಾನಪಟ್ಟದ್ದು ಅಳಿಯನ ವೃತ್ತಿಯ ಎದುರಾಳಿಯ ಮೇಲೆ. 1990ರ ದಶಕದಲ್ಲಿ ಮಾರ್ಟಿನ್ ಬೀಲ್ಸ್ ಎಂಬ ವಕೀಲರು ಆ ಪ್ರಕರಣದ ಕುರಿತು ಒಂದು ಪುಸ್ತಕ ಬರೆದರು. ಆರ್ಮ್‌ಸ್ಟ್ರಾಂಗ್ ಕೂತು ಕೆಲಸ ಮಾಡಿದ ಕಚೇರಿಯಲ್ಲೇ ಅವರು ವಕೀಲಿ ಮಾಡುತ್ತಿದ್ದರು, ಅವನಿದ್ದ ಮನೆಯಲ್ಲೇ ವಾಸವಾಗಿದ್ದರು. ಮೇಜರ್ ನಿರಪರಾಧಿ, ಊರಿನ ದ್ವೇಷ ಅವನನ್ನು ನುಂಗಿತು ಎಂಬುದು ಅವರ ವಾದ. ಒಪ್ಪಿದವರು ಕಡಿಮೆ. ಜೇಬಿನ ಪೊಟ್ಟಣ ನನ್ನನ್ನೂ ಒಪ್ಪಲು ಬಿಡುವುದಿಲ್ಲ. ಆದರೂ ಅವರು ಎತ್ತಿದ ಪ್ರಶ್ನೆ ಸಣ್ಣದಲ್ಲ: ಊರಿನ ಲೆಕ್ಕ ಬರೆಯುವವನಿಗೇ ಅದರಲ್ಲಿ ಪಾಲಿದ್ದರೆ, ಆ ಲೆಕ್ಕವನ್ನು ಪರಿಶೀಲಿಸುವವರು ಯಾರು? ಒಳ್ಳೆಯ ಕೋಜಿ ಕಾದಂಬರಿ ಈ ಮುಳ್ಳನ್ನು ಉಳಿಸಿಕೊಂಡಿರಬೇಕು. ಹೇ ಪೇಟೆ ಮಾತ್ರ ಆಮೇಲೆ ಬೇರೆಯೇ ಅಂಗಡಿಗಳಿಂದ ಹೆಸರಾಯಿತು. 1960ರ ದಶಕದಿಂದ ರಿಚರ್ಡ್ ಬೂತ್ ಅಲ್ಲಿ ಹಳೆಯ ಪುಸ್ತಕದಂಗಡಿಗಳನ್ನು ಬೆಳೆಸಿದ, 1977ರ ಏಪ್ರಿಲ್ 1ರಂದು ತನ್ನನ್ನೇ ಊರಿನ ರಾಜನೆಂದು ಘೋಷಿಸಿಕೊಂಡ. 1988ರಿಂದ ಅಲ್ಲಿ ಸಾಹಿತ್ಯೋತ್ಸವ ನಡೆಯುತ್ತಿದೆ.

ಕನ್ನಡದ ಮಾತಿಗೆ ಬಂದರೆ, ನಮ್ಮಲ್ಲಿ ಪತ್ತೇದಾರರಿಗೆ ಬರವಿರಲಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಒಂದು ತಲೆಮಾರಿಗೆ ಓದುವ ಚಟ ಹತ್ತಿಸಿದ. ಬಾಡಿಗೆ ಪುಸ್ತಕದಂಗಡಿಗಳ ಎಷ್ಟೋ ಕಪಾಟುಗಳನ್ನು ಅವರೊಬ್ಬರೇ ತುಂಬಿಸಿದರು. ಆದರೆ ಆ ಪತ್ತೇದಾರರು ಕಸುಬಿನ ಪತ್ತೇದಾರರು. ಸಾಹಸ, ವೇಷ, ಬೆನ್ನಟ್ಟುವಿಕೆ ಅವರ ದಾರಿ. ಸಣ್ಣ ಊರನ್ನೇ ರಹಸ್ಯದ ಒಡಲಾಗಿಸಿದವರು ಪೂರ್ಣಚಂದ್ರ ತೇಜಸ್ವಿ. 1985ರ ‘ಚಿದಂಬರ ರಹಸ್ಯ’ದಲ್ಲಿ ಏಲಕ್ಕಿ ಇಳುವರಿ ಕುಸಿದ ಗುಟ್ಟು ಬೆನ್ನತ್ತಿ ಕೆಸರೂರಿಗೆ ಬರುವ ಅಧಿಕಾರಿಗೆ ಊರಿನ ಪ್ರತಿಯೊಬ್ಬನೂ ಒಂದೊಂದು ಸಿದ್ಧಾಂತ ಹೇಳುತ್ತಾನೆ. ಸತ್ಯ ಮಾತ್ರ ಯಾರ ಕೈಗೂ ಸಿಗುವುದಿಲ್ಲ. ಕೊನೆಗೆ ಊರು ಮೊದಲಿನ ಹಾಗಾಗಲಿ ಎಂಬ ಒಪ್ಪಂದಕ್ಕೆ ತೇಜಸ್ವಿ ಸಹಿ ಹಾಕುವವರಲ್ಲ. ಈಚೆಗೆ ಬೆಂಗಳೂರಿನ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಇಂಗ್ಲಿಷಿನಲ್ಲಿ ‘ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ (2022) ಬರೆದರು. ಅದರ ಕಾಲವೂ 1921ರದೇ. ಡಾಕ್ಟರ ಎಳೆಯ ಹೆಂಡತಿ ಕಾವೇರಿ ಗಣಿತದ ಹುಚ್ಚಿನವಳು, ಸೀರೆ ಬಿಗಿದು ಕೊಲೆಯ ಜಾಡು ಹಿಡಿಯುತ್ತಾಳೆ. ಕೋಜಿ ನಮ್ಮ ನೆಲಕ್ಕೆ ಒಗ್ಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆದರೆ ಗಲ್ಲಾದ ಹಿಂದೆ ಕೂತ ಕನ್ನಡದ ಪತ್ತೇದಾರರು ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ. ಅಂಥವರಿಗೆ ನಮ್ಮಲ್ಲಿ ಸಿಗಬಹುದಾದ ಸುಳಿವುಗಳನ್ನು ನೆನೆಸಿಕೊಂಡರೇ ಆಸೆಯಾಗುತ್ತದೆ. ದೀಪ ಹಚ್ಚಿದ ಮೇಲೆ ಬಂದು ಉಪ್ಪು, ಸೂಜಿ ಕೇಳುವವನು ಊರಿನವನಲ್ಲ ಎಂದು ಕಿರಾಣಿ ಅಂಗಡಿಯವರಿಗೆ ಬೇರೆ ಯಾರೂ ಹೇಳಬೇಕಿಲ್ಲ. ತಿಥಿ ಇದೆ ಎಂದು ರಜೆ ಹಾಕಿದವರ ಮನೆಗೆ ಅದೇ ಬೆಳಿಗ್ಗೆ ಈರುಳ್ಳಿ, ಬೆಳ್ಳುಳ್ಳಿ ಹೋದರೆ ಆ ರಜೆ ಸುಳ್ಳು. ಒಬ್ಬರೇ ಇರುವ ಮುದುಕರ ಮನೆಯ ಚೀಟಿಯಲ್ಲಿ ತಟ್ಟನೆ ಎರಡು ಬಗೆಯ ಸಾಬೂನು ಕಾಣಿಸಿಕೊಂಡರೆ ಒಳಗೆ ಯಾರೋ ಬಂದು ಉಳಿದಿದ್ದಾರೆ. ಜೀವಮಾನವಿಡೀ ಒಂದೇ ಬೀಡಿ ಸೇದಿದವನು ಕಟ್ಟು ಬದಲಿಸಿದರೆ ಅದು ಬೇರೆ ಯಾರಿಗೋ. ಉದ್ರಿ ಪುಸ್ತಕದಲ್ಲಿ ಮೂರು ವರ್ಷದಿಂದ ಎಳೆಯುತ್ತಿದ್ದ ಬಾಕಿಯನ್ನು ಯಾರಾದರೂ ಏಕಾಏಕಿ ಹೊಸ ನೋಟುಗಳಲ್ಲಿ ಚುಕ್ತಾ ಮಾಡಿದರೆ, ಒಳ್ಳೆಯದಾಯಿತು ಎಂದು ಬಾಯಲ್ಲಿ ಹೇಳಿ ಒಳಗೊಳಗೇ ತಾರೀಖು ಗುರುತು ಹಾಕಿಕೊಳ್ಳದ ವ್ಯಾಪಾರಿ ಇದ್ದಾರೆಯೇ? ಕೇಳಿದರೆ ಅವರು ಬಾಯಿ ಬಿಡುವುದು ಅನುಮಾನ. ಗಿರಾಕಿಯ ಗುಟ್ಟು ಹೊರಗೆ ಹಾಕಿದರೆ ನಾಳೆ ಆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ. ಗೊತ್ತಿದ್ದೂ ಹೇಳಲಾಗದ ಈ ಇಕ್ಕಟ್ಟೊಂದೇ ಒಂದು ಕಾದಂಬರಿಗೆ ಸಾಕು.

ಉದ್ರಿ ಪುಸ್ತಕದ ಕಾಲ ಮುಗಿಯಿತಲ್ಲ, ಈಗ ಎಲ್ಲ ಫೋನ್‌ಪೇ ಎನ್ನುವವರಿದ್ದಾರೆ. ಮುಗಿದಿದ್ದರೆ ಮುಗಿಯಲಿ, ಹೊಸ ಸಾಮಗ್ರಿಯೂ ಬಂದಿದೆ. ಬಂದ ಹಣವನ್ನು ಬೀದಿಗೆಲ್ಲ ಕೇಳುವ ಹಾಗೆ ಸಾರುವ ಪೆಟ್ಟಿಗೆ ಈಗ ಗೂಡಂಗಡಿಯಲ್ಲೂ ಇದೆ. ರಾತ್ರೋರಾತ್ರಿ ಅಂಗಡಿಯ ಕ್ಯೂಆರ್ ಚೀಟಿಯ ಮೇಲೆ ತಮ್ಮದನ್ನು ಅಂಟಿಸಿ ಹೋಗುವ ಕಳ್ಳರ ಸುದ್ದಿಯೂ ಪತ್ರಿಕೆಯಲ್ಲಿ ಬರುತ್ತಿರುತ್ತದೆ. ಹೆಣ ಬೀಳಲೇಬೇಕೆಂದೇನೂ ಇಲ್ಲ. ಮೊದಲ ಅಧ್ಯಾಯಕ್ಕೆ ಇಷ್ಟೇ ಸಾಕು. ಬೆಳಿಗ್ಗೆ ಏಳಕ್ಕೆ ಹಾಲು, ಬ್ರೆಡ್ ಕೊಂಡವನು ಹಣ ಹಾಕಿದ್ದಾನೆ, ಪೆಟ್ಟಿಗೆ ಕೂಗಲಿಲ್ಲ. ಎರಡನೆಯವನದೂ ಕೂಗಲಿಲ್ಲ. ಮೂರನೆಯವನು ಫೋನು ಜೇಬಿಗಿಳಿಸುವಷ್ಟರಲ್ಲಿ ಅಂಗಡಿಯ ಅಮ್ಮ ತಕ್ಕಡಿ ಬಿಟ್ಟು ಎದ್ದು ಬರುತ್ತಾರೆ: “ಸ್ವಲ್ಪ ನಿಲ್ಲಪ್ಪಾ, ನಿನ್ನ ಫೋನ್ ತೋರಿಸು. ದುಡ್ಡು ಯಾರ ಹೆಸರಿಗೆ ಹೋಗಿದೆ ಅಂತ ನೋಡ್ತೀನಿ.”